ನಾಲ್ಕು ಆರ್ಯಸತ್ಯ: ಬಾಯಿಪಾಠದ ಪಟ್ಟಿಯೋ, ಮಾಡಬೇಕಾದ ನಾಲ್ಕು ಕೆಲಸವೋ?

ಹೊಸ ಓದುಗ:
ಬೌದ್ಧಧರ್ಮದ ಪರಿಚಯ ಮಾಡಿಕೊಡುವ ಪುಸ್ತಕ ಯಾವುದನ್ನು ಬಿಡಿಸಿದರೂ ಮೊದಲು ಎದುರಾಗುವುದು ಪಟ್ಟಿಗಳು. ನಾಲ್ಕು ಸತ್ಯ, ಎಂಟು ಅಂಗಗಳ ಮಾರ್ಗ, ಐದು ಸ್ಕಂಧ, ಮೂರು ಲಕ್ಷಣ, ಹನ್ನೆರಡು ನಿದಾನ, ಪಂಚಶೀಲ. ಒಂದೊಂದನ್ನೂ ಬಾಯಿಪಾಠ ಮಾಡುವುದು ಕಷ್ಟವಲ್ಲ. ಇವುಗಳ ನಡುವಿನ ಕೊಂಡಿ ಎಲ್ಲಿದೆ ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಬಲ್ಲವರು ಈ ಮೂರು ವಿಷಯ ತಿಳಿಸಿಕೊಡಿ. 'ಆಸೆಯೇ ದುಃಖಕ್ಕೆ ಮೂಲ' ಎಂದು ಶಾಲೆಯಲ್ಲೇ ಕಲಿಸುತ್ತಾರೆ. ಹಾಗಾದರೆ ಬಿಡುಗಡೆ ಬೇಕು ಅನ್ನುವುದೂ ಆಸೆಯೇ ಅಲ್ಲವೇ? ಆತ್ಮ ಇಲ್ಲ ಎಂದ ಮೇಲೆ ಕರ್ಮದ ಫಲ ಉಣ್ಣುವವರು ಯಾರು? ಇನ್ನು, ಮನೆ-ಮಕ್ಕಳು-ಕೆಲಸ ಇರುವವರು ಶುರು ಮಾಡಬೇಕಾದದ್ದು ಎಲ್ಲಿಂದ?

ಪಾಲಿ ಓದು:
ಕೊಂಡಿ ಇರುವುದು ಮೊದಲ ಪ್ರವಚನದಲ್ಲೇ. ಸಾರನಾಥದ ಇಸಿಪತನದಲ್ಲಿ ಕೊಂಡಞ್ಞ, ವಪ್ಪ, ಭದ್ದಿಯ, ಮಹಾನಾಮ, ಅಸ್ಸಜಿ ಎಂಬ ಐವರಿಗೆ ಬುದ್ಧ ಹೇಳಿದ ಧಮ್ಮಚಕ್ಕಪ್ಪವತ್ತನ ಸುತ್ತ ಅದು (ಸುತ್ತ ಅಂದರೆ ಪ್ರವಚನ, ನಿಕಾಯ ಅಂದರೆ ಪ್ರವಚನಗಳ ಸಂಗ್ರಹ; ಇದು ಸಂಯುತ್ತ ನಿಕಾಯ 56.11). ಹೆಚ್ಚಿನ ಪುಸ್ತಕಗಳು ಅದರ ಮೊದಲ ಅರ್ಧವನ್ನು, ಅಂದರೆ ನಾಲ್ಕು ಸತ್ಯಗಳ ಹೆಸರನ್ನು ಹೇಳಿ ನಿಂತುಬಿಡುತ್ತವೆ. ತಿರುಳು ಇರುವುದು ಎರಡನೆಯ ಅರ್ಧದಲ್ಲಿ. ಅಲ್ಲಿ ಪ್ರತಿಯೊಂದು ಸತ್ಯಕ್ಕೂ ಮೂರು ಸುತ್ತು ಬರುತ್ತದೆ: ಇದು ಇಂಥದ್ದು, ಇದರ ವಿಷಯದಲ್ಲಿ ಮಾಡಬೇಕಾದ ಕೆಲಸ ಇಂಥದ್ದು, ಆ ಕೆಲಸ ಮುಗಿಯಿತು. ಒಟ್ಟು ಹನ್ನೆರಡು. ಈ ಹನ್ನೆರಡರಲ್ಲೂ ಅರಿವು ನಿಚ್ಚಳವಾಗುವ ತನಕ ತಾನು ಸಂಬೋಧಿ (ಪೂರ್ಣ ಜ್ಞಾನೋದಯ) ಪಡೆದೆನೆಂದು ಹೇಳಿಕೊಳ್ಳಲಿಲ್ಲ ಎಂದು ಬುದ್ಧ ಅಲ್ಲೇ ಹೇಳುತ್ತಾನೆ.

ಕೆಲಸಗಳು ಇವು. ದುಃಖವನ್ನು ಪೂರ್ತಿಯಾಗಿ ಅರಿಯಬೇಕು (ಪರಿಞ್ಞೇಯ್ಯ). ಅದು ಹುಟ್ಟಲು ಕಾರಣವಾದ ತೃಷ್ಣೆಯನ್ನು ಬಿಡಬೇಕು (ಪಹಾತಬ್ಬ). ನಿರೋಧವನ್ನು, ಅಂದರೆ ದುಃಖದ ಅಳಿವನ್ನು, ಸಾಕ್ಷಾತ್ಕಾರ ಮಾಡಿಕೊಳ್ಳಬೇಕು (ಸಚ್ಛಿಕಾತಬ್ಬ). ಮಾರ್ಗವನ್ನು ಬೆಳೆಸಬೇಕು (ಭಾವೇತಬ್ಬ). ನಾಲ್ಕಕ್ಕೆ ನಾಲ್ಕು ಬೇರೆ ಬೇರೆ ಕ್ರಿಯಾಪದ. ಎಡವಟ್ಟಾಗುವುದು ಇವು ಅದಲುಬದಲಾದಾಗ. ದುಃಖವನ್ನು ಅರಿಯುವ ಬದಲು ಅದನ್ನೇ ಬಿಡಲು ಹೊರಡುತ್ತೇವೆ: ಬೇಸರ ತಲೆ ಹಾಕಿದ ಕೂಡಲೇ ಕೈ ಮೊಬೈಲಿನತ್ತ ಹೋಗುತ್ತದೆ, ಬೇಸರ ಹೇಗಿತ್ತು ಎಂದು ನೋಡಿದ್ದೇ ಇಲ್ಲ. ತೃಷ್ಣೆಯನ್ನು ಬಿಡುವ ಬದಲು ಅದರ ಬಗೆಗಳನ್ನು ಕಲಿಯುತ್ತೇವೆ. ನಿರೋಧದ ಬಗ್ಗೆ ವಾದಕ್ಕೆ ಕೂರುತ್ತೇವೆ. ಮಾರ್ಗವನ್ನು ಬೆಳೆಸದೆ ಎಂಟು ಹೆಸರು ಒಪ್ಪಿಸುತ್ತೇವೆ.

ಈ ನಾಲ್ಕು ಕೆಲಸ ಗೊತ್ತಿದ್ದರೆ ಉಳಿದ ಪಟ್ಟಿಗಳು ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಮೊದಲ ಸತ್ಯದ ವಿವರಣೆ ಮುಗಿಯುವುದು 'ಸಂಕ್ಷೇಪದಲ್ಲಿ ಐದು ಉಪಾದಾನಸ್ಕಂಧಗಳೇ ದುಃಖ' ಎಂಬ ಮಾತಿನಿಂದ. ಅಂದರೆ ನಾವು 'ನಾನು' ಎಂದು ಅಂಟಿಕೊಳ್ಳುವ ರೂಪ (ಮೈ), ವೇದನೆ (ಹಿತ-ಅಹಿತದ ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಮನಸ್ಸಿನ ಸಂಕಲ್ಪಗಳು), ವಿಜ್ಞಾನ (ಪ್ರಜ್ಞೆ, ಎಚ್ಚರ) ಇವೇ ಅರಿಯಬೇಕಾದ ಐದು. ಹಾಗೆ ಅರಿಯುವಾಗ ಕಾಣಿಸುವುದು ಅನಿತ್ಯ, ದುಃಖ, ಅನಾತ್ಮ ಎಂಬ ಮೂರು ಲಕ್ಷಣ. ಹನ್ನೆರಡು ನಿದಾನಗಳನ್ನು (ಕಾರಣದ ಕೊಂಡಿಗಳನ್ನು) ಅವಿದ್ಯೆಯಿಂದ ಜರಾಮರಣದವರೆಗೆ 'ಇದರಿಂದ ಇದು' ಎಂದು ಓದಿದರೆ ಎರಡನೆಯ ಸತ್ಯದ ವಿಸ್ತಾರ. 'ಇದು ಅಳಿದರೆ ಅದೂ ಅಳಿಯುತ್ತದೆ' ಎಂದು ಓದಿದರೆ ಮೂರನೆಯದರದು. ಅಂಗುತ್ತರ ನಿಕಾಯದ ತಿಕನಿಪಾತದಲ್ಲಿ (ಮೂರರ ಗುಂಪುಗಳ ಭಾಗದಲ್ಲಿ) ಬುದ್ಧನೇ ಹೀಗೆ ಜೋಡಿಸಿದ್ದಾನೆ. ಅಷ್ಟಾಂಗಮಾರ್ಗ ನಾಲ್ಕನೆಯ ಸತ್ಯ. ಅದರೊಳಗಿನ ಸಮ್ಯಕ್ ವಾಕ್ಕು, ಕರ್ಮ, ಆಜೀವ ಮೂರೂ ಶೀಲದ ಭಾಗ, ಪಂಚಶೀಲ (ಕೊಲೆ, ಕಳವು, ಕಾಮದ ಅನಾಚಾರ, ಸುಳ್ಳು, ಮಾದಕ ಈ ಐದನ್ನು ಬಿಡುವುದು) ಅಲ್ಲಿಗೆ ಸೇರುತ್ತದೆ. ಎಂಟನ್ನು ಶೀಲ, ಸಮಾಧಿ, ಪ್ರಜ್ಞೆ ಎಂದು ಮೂರು ಗುಂಪು ಮಾಡಿ ವಿವರಿಸಿದವಳು ಧಮ್ಮದಿನ್ನಾ ಎಂಬ ಭಿಕ್ಖುಣಿ (ಮಜ್ಝಿಮ ನಿಕಾಯ 44). ಪ್ರಶ್ನೆ ಕೇಳಿದವನು ಅವಳ ಪೂರ್ವಾಶ್ರಮದ ಗಂಡ ವಿಸಾಖ ಎಂದು ಅಟ್ಠಕಥೆ (ಸುತ್ತಗಳ ಹಳೆಯ ಪಾಲಿ ವ್ಯಾಖ್ಯಾನ) ಹೇಳುತ್ತದೆ. ಈ ಸುತ್ತವನ್ನು ಎಲ್ಲರೂ ಓದಬೇಕು.

ಆಸೆಯ ಪ್ರಶ್ನೆಯನ್ನು ನಿಮ್ಮ ಹಾಗೆಯೇ ಉಣ್ಣಾಭ ಎಂಬ ಬ್ರಾಹ್ಮಣ ಕೌಶಾಂಬಿಯ ಘೋಸಿತಾರಾಮ ಎಂಬ ವಿಹಾರದಲ್ಲಿ ಬುದ್ಧನ ಆಪ್ತ ಶಿಷ್ಯ ಆನಂದನಿಗೆ ಕೇಳಿದ್ದಾನೆ: ಇಚ್ಛೆಯಿಂದಲೇ ಇಚ್ಛೆ ಬಿಡುವುದಾದರೆ ಅದಕ್ಕೆ ಕೊನೆಯುಂಟೆ? ಆನಂದನ ಉತ್ತರ ಸರಳ. ಈ ವಿಹಾರಕ್ಕೆ ಬರಬೇಕೆಂಬ ಇಚ್ಛೆ ನಿನಗೆ ಮೊದಲು ಇತ್ತಲ್ಲವೇ, ಬಂದು ತಲುಪಿದ ಮೇಲೆ ಅದು ಶಮನವಾಯಿತಲ್ಲವೇ (ಸಂಯುತ್ತ 51.15). ಮಾರ್ಗ ಬೆಳೆಸುವ ಛಂದ (ಇಚ್ಛೆ) ತಲುಪಿದಲ್ಲಿಗೆ ಮುಗಿಯುತ್ತದೆ. ಬಿಡಬೇಕೆಂದದ್ದು ತೃಷ್ಣೆಯನ್ನು, ಮರಳಿ ಮರಳಿ ಹುಟ್ಟಿಸುವ, ಅಲ್ಲಿ ಇಲ್ಲಿ ರುಚಿ ಹುಡುಕುವ ಹಸಿವನ್ನು. ಅದರಲ್ಲೂ ಮೂರು ಬಗೆ: ಕಾಮತೃಷ್ಣೆ (ಇಂದ್ರಿಯಸುಖದ್ದು), ಭವತೃಷ್ಣೆ (ಇರಬೇಕು, ಆಗಬೇಕು ಎಂಬುದು), ವಿಭವತೃಷ್ಣೆ (ಇಲ್ಲದಂತಾಗಬೇಕು ಎಂಬುದು). ಮೂರನೆಯದನ್ನು ಜನ ಮರೆಯುತ್ತಾರೆ. 'ಇದೆಲ್ಲ ಇಲ್ಲದಂತಾಗಲಿ, ನಾನೇ ಇಲ್ಲದಂತಾಗಲಿ' ಎನ್ನುವುದೂ ತೃಷ್ಣೆಯೇ, ವೈರಾಗ್ಯವಲ್ಲ.

ಮಧ್ಯಮ ದಾರಿ:
ಎರಡನೆಯ ಪ್ರಶ್ನೆ ನನಗಿರಲಿ. ಅನಾತ್ಮವನ್ನು ಬುದ್ಧ ಹೇಗೆ ತೋರಿಸಿದ ಅನ್ನುವುದನ್ನು ಮೊದಲು ನೋಡಿ. ಅದೇ ಐವರಿಗೆ ಹೇಳಿದ ಎರಡನೆಯ ಪ್ರವಚನದಲ್ಲಿ (ಸಂಯುತ್ತ 22.59) ವಾದ ಹೀಗಿದೆ: ರೂಪ ಆತ್ಮವಾಗಿದ್ದರೆ 'ನನ್ನ ರೂಪ ಹೀಗಿರಲಿ, ಹಾಗಾಗದಿರಲಿ' ಎಂದು ಅದಕ್ಕೆ ಹುಕುಂ ಮಾಡಲು ಬರಬೇಕಿತ್ತು, ಬರುವುದಿಲ್ಲ. ವೇದನೆಗೂ ಅದೇ ಮಾತು, ವಿಜ್ಞಾನದವರೆಗೆ ಐದಕ್ಕೂ ಅದೇ ಮಾತು. ಆಮೇಲೆ ಪ್ರಶ್ನೋತ್ತರ: ಇದು ನಿತ್ಯವೋ ಅನಿತ್ಯವೋ? ಅನಿತ್ಯವಾದದ್ದು ಸುಖವೋ ದುಃಖವೋ? ಅಂಥದ್ದನ್ನು 'ಇದು ನನ್ನದು, ಇದು ನಾನು, ಇದು ನನ್ನ ಆತ್ಮ' ಎನ್ನುವುದು ಸರಿಯೇ? ಇದು ಐದನ್ನು ಒಂದೊಂದಾಗಿ ಹಿಡಿದು ನಡೆಸುವ ತಪಾಸಣೆ. ವಚ್ಛಗೊತ್ತ ಎಂಬ ಪರಿವ್ರಾಜಕ ನೇರವಾಗಿ 'ಆತ್ಮ ಇದೆಯೇ? ಇಲ್ಲವೇ?' ಎಂದು ಕೇಳಿದಾಗ ಬುದ್ಧ ಎರಡಕ್ಕೂ ಸುಮ್ಮನಿದ್ದ (ಸಂಯುತ್ತ 44.10).

ಈಗ ಕರ್ಮ. ಅಚೇಲ (ಬೆತ್ತಲೆ ಸನ್ಯಾಸಿ) ಕಸ್ಸಪನಿಗೆ ಬುದ್ಧ ಕೊಟ್ಟ ಉತ್ತರವೇ ನಿಮಗೂ ಉತ್ತರ (ಸಂಯುತ್ತ 12.17). ಮಾಡಿದವನೇ ಉಣ್ಣುತ್ತಾನೆ ಎಂದರೆ ಅದು 'ಶಾಶ್ವತ-ವಾದ', ಬದಲಾಗದ ಆತ್ಮ ಉಂಟೆಂಬ ಮತ. ಮಾಡಿದವನೊಬ್ಬ, ಉಣ್ಣುವವನು ಇನ್ನೊಬ್ಬ ಎಂದರೆ ಅದು 'ಉಚ್ಛೇದ-ವಾದ', ಸಾವಿನೊಂದಿಗೆ ಎಲ್ಲ ಕಡಿದುಹೋಗುತ್ತದೆಂಬ ಮತ. ಎರಡನ್ನೂ ಬಿಟ್ಟು ಬುದ್ಧ ಹೇಳುವುದು ಪ್ರತೀತ್ಯಸಮುತ್ಪಾದವನ್ನು, ಅಂದರೆ ಕಾರಣಗಳನ್ನು ಅವಲಂಬಿಸಿ ಹುಟ್ಟುವುದನ್ನು: ಅವಿದ್ಯೆಯಿಂದ ಸಂಸ್ಕಾರ, ಸಂಸ್ಕಾರದಿಂದ ವಿಜ್ಞಾನ, ಹೀಗೆ ಮುಂದಕ್ಕೆ. ಅಲ್ಲಿ ಹರಿವು ಉಂಟು, ಹೊತ್ತುಕೊಂಡು ಹೋಗುವ ಗಟ್ಟಿ ವಸ್ತು ಇಲ್ಲ. 'ಇದೇ ವಿಜ್ಞಾನ ಒಂದು ಜನ್ಮದಿಂದ ಇನ್ನೊಂದಕ್ಕೆ ಓಡುತ್ತದೆ' ಎಂದ ಸಾತಿ ಎಂಬ ಭಿಕ್ಷುವನ್ನು ಬುದ್ಧ ಕಟುವಾಗಿಯೇ ತಿದ್ದಿದ್ದಾನೆ (ಮಜ್ಝಿಮ 38).

ಕರ್ಮವೆಂದರೆ ಚೇತನೆ, ಅಂದರೆ ಮಾಡುವ ಸಂಕಲ್ಪ ಎಂಬುದು ಅಂಗುತ್ತರ 6.63ರ ಮಾತು. ನಮ್ಮಲ್ಲಿ ರೋಗ, ಬಡತನ, ಅಪಘಾತ ಎಲ್ಲಕ್ಕೂ 'ಪೂರ್ವಜನ್ಮದ ಕರ್ಮ' ಅನ್ನುವ ರೂಢಿ ಇದೆಯಲ್ಲ, ಅದನ್ನು ಬುದ್ಧನ ತಲೆಗೆ ಕಟ್ಟಬೇಡಿ. ಮೋಳಿಯ ಸೀವಕ ಎಂಬ ಪರಿವ್ರಾಜಕನಿಗೆ ನೋವು-ನಲಿವಿನ ಎಂಟು ಕಾರಣ ಎಣಿಸಿ ಹೇಳಿದ್ದಾನೆ: ಪಿತ್ತ, ಕಫ, ವಾತ, ಇವು ಮೂರರ ಸನ್ನಿಪಾತ, ಋತುವಿನ ಬದಲಾವಣೆ, ವಿಷಮ ನಡವಳಿಕೆ, ಹೊರಗಿನ ಪೆಟ್ಟು, ಎಂಟನೆಯದು ಕರ್ಮವಿಪಾಕ (ಸಂಯುತ್ತ 36.21). ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರಿಂದಲೇ ಎನ್ನುವವರು ಸ್ವಂತ ತಿಳಿವಳಿಕೆಯನ್ನೂ ಲೋಕ ಒಪ್ಪಿದ ಸತ್ಯವನ್ನೂ ಮೀರಿ ಮಾತಾಡುತ್ತಾರೆ ಎಂಬುದು ಅಲ್ಲಿನ ತೀರ್ಮಾನ. ನೊಂದವರ ಎದುರು ಕರ್ಮದ ಮಾತೆತ್ತುವವರಿಗೆ ಈ ಸುತ್ತವನ್ನು ತೋರಿಸಲೇಬೇಕು.

ಭೀಮಾತೀರ:
ಚರ್ಚೆ ಚೆನ್ನಾಗಿದೆ. ಒಂದು ಮುಖ್ಯ ವಿಷಯ ಬಿಟ್ಟುಹೋಗಬಾರದು. ಕರ್ನಾಟಕದಲ್ಲಿ ಇವತ್ತು ಬುದ್ಧವಂದನೆ ಮಾಡುವ ಅಸಂಖ್ಯ ಮನೆಗಳು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಬೌದ್ಧ ದೀಕ್ಷೆ ತಗೊಂಡ ದಾರಿಯಲ್ಲಿ ಬಂದವು. ಬಾಬಾಸಾಹೇಬರು ತಮ್ಮ ಕೊನೆಯ ಗ್ರಂಥ 'ಬುದ್ಧ ಮತ್ತು ಅವನ ಧಮ್ಮ'ದ ಪೀಠಿಕೆಯಲ್ಲಿ ಈ ನಾಲ್ಕು ಸತ್ಯಗಳ ಬಗ್ಗೆಯೇ ಪ್ರಶ್ನೆ ಎತ್ತಿದ್ದಾರೆ: ಇವು ಬುದ್ಧರ ಮೂಲ ಬೋಧನೆಯೋ, ಭಿಕ್ಷುಗಳು ಆಮೇಲೆ ಸೇರಿಸಿದ್ದೋ? ಬದುಕೇ ದುಃಖ, ಸಾವೂ ದುಃಖ, ಮರುಹುಟ್ಟೂ ದುಃಖ ಎಂದುಬಿಟ್ಟರೆ ಮನುಷ್ಯನಿಗೆ ಭರವಸೆ ಎಲ್ಲಿ ಎಂಬುದು ಅವರ ಆಕ್ಷೇಪ. ಹಾಗಾಗಿ ಮೊದಲ ಪ್ರವಚನವನ್ನು ಅವರು ನಿರೂಪಿಸುವಾಗ ಪಂಚಶೀಲವನ್ನು ಪರಿಶುದ್ಧತೆಯ ಮಾರ್ಗ, ಅಷ್ಟಾಂಗವನ್ನು ಸದಾಚಾರದ ಮಾರ್ಗ, ಹತ್ತು ಪಾರಮಿತೆಗಳನ್ನು (ಪೂರ್ಣಗೊಳಿಸಬೇಕಾದ ಸದ್ಗುಣಗಳನ್ನು) ಶೀಲದ ಮಾರ್ಗ ಎಂದು ಮುಂದಿಟ್ಟರು. ದೀಕ್ಷೆಯ ವೇಳೆ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಅಷ್ಟಾಂಗಮಾರ್ಗ ಮತ್ತು ಪಾರಮಿತೆಗಳ ಪಾಲನೆ ಇದೆ. ದುಃಖವೆಂದರೆ ಒಬ್ಬನ ಮನಸ್ಸಿನೊಳಗಿನ ಸಂಗತಿ ಮಾತ್ರ ಅಲ್ಲ. ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯವೂ ದುಃಖವೇ.

ಪಾಲಿ ಓದು:
ಭೀಮಾತೀರ ಸರ್, ಆ ಆಕ್ಷೇಪವನ್ನು ಪಕ್ಕಕ್ಕಿಡುವ ಹಾಗಿಲ್ಲ, ಒಪ್ಪುತ್ತೇನೆ. ಸತ್ಯಗಳನ್ನು ಬರೀ ವಿವರಣೆಯಾಗಿ ಓದಿದರೆ ಅದು ನಿರಾಶಾವಾದದ ಹಾಗೆಯೇ ಕೇಳಿಸುತ್ತದೆ. ಕೆಲಸವಾಗಿ ಓದಿದರೆ ಮೂರು ಮತ್ತು ನಾಲ್ಕನೆಯದರಲ್ಲೇ ಭರವಸೆ ಇದೆ ಎಂಬುದು ನನ್ನ ಅಭಿಪ್ರಾಯ. ಕೇವಲ ಒಳಗಿನದಲ್ಲ ಎಂಬ ಮಾತಿಗೆ ಪಾಲಿಯಲ್ಲೂ ಆಧಾರ ಇದೆ. ದೀಘ ನಿಕಾಯದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ರಾಜ ಬಡವರಿಗೆ ಧನ ಕೊಡದೆ ಹೋದದ್ದರಿಂದ ಬಡತನ, ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ, ಕೊಲೆಯಿಂದ ಸುಳ್ಳು ಬೆಳೆಯುತ್ತದೆ. ನಿದಾನಗಳ ಹಾಗೆಯೇ ಇದೂ ಕಾರಣಗಳ ಸರಪಳಿ, ಆದರೆ ಸಮಾಜದ್ದು.

ಶಾಸನಪ್ರಿಯ:
ಇದಕ್ಕೆ ನಮ್ಮ ನೆಲದ ಸಾಕ್ಷಿ ಸೇರಿಸುತ್ತೇನೆ. ಅಶೋಕನ ಶಾಸನಗಳಲ್ಲಿ ನಾಲ್ಕು ಸತ್ಯ, ಅಷ್ಟಾಂಗಮಾರ್ಗ, ನಿರ್ವಾಣ ಯಾವುದರ ಹೆಸರೂ ಇಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆಯಲ್ಲಿ ಇರುವುದು ಇಷ್ಟು: ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಬಗ್ಗೆ ದಯೆ ದೃಢವಾಗಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಹೆಸರು. 'ಲಿಪಿಕಾರ' ಎಂಬುದನ್ನು ಮಾತ್ರ ಅವನು ಬ್ರಾಹ್ಮಿಯಲ್ಲಲ್ಲ, ವಾಯವ್ಯ ಗಡಿಯ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲಿಗೆ ಕಂಡದ್ದು ಅದರಲ್ಲೇ. ಅಂದರೆ ಸಾಮಾನ್ಯ ಜನರ ಮುಂದೆ ಧರ್ಮ ಬಂದದ್ದು ತತ್ತ್ವದ ಪಟ್ಟಿಯಾಗಿ ಅಲ್ಲ, ನಡತೆಯಾಗಿ. ಸಿಗಾಲೋವಾದ ಸುತ್ತದಲ್ಲಿ ಗೃಹಸ್ಥನಿಗೆ ಹೇಳಿದ ಆರು ದಿಕ್ಕುಗಳ ಕರ್ತವ್ಯಕ್ಕೂ ಇದಕ್ಕೂ ಬಹಳ ಹತ್ತಿರ.

ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದಲ್ಲಿ ರಾಣಿಯ ಜೊತೆ ನಿಂತ ಅಶೋಕನ ಶಿಲ್ಪ ಇದೆ, ಮೇಲೆ ಅವನ ಹೆಸರಿನ ಬರಹವೂ ಇದೆ. ಬಳ್ಳಿಗಾವಿಯಲ್ಲಿ 1065ರಲ್ಲಿ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿದ, ಡಂಬಳದಲ್ಲಿ 1095ರ ತಾರಾದೇವಿಯ ಶಾಸನ ಇದೆ. ಬೌದ್ಧಧರ್ಮ ಇಲ್ಲಿಗೆ ಹೊರಗಿನದು ಎನ್ನುವವರು ಈ ಊರುಗಳನ್ನೊಮ್ಮೆ ನೋಡಿಬರಲಿ.

ಉಸಿರುನೋಟ:
'ಎಲ್ಲಿಂದ ಶುರು' ಎಂಬುದಕ್ಕೆ ಶಾಸನಪ್ರಿಯರ ಮಾತೇ ದಾರಿ ಮಾಡಿಕೊಟ್ಟಿತು. ವಾರಾಣಸಿಯ ಸೆಟ್ಟಿಯ ಮಗ ಯಸನಿಗೆ, ಗೃಹಪತಿ ಉಪಾಲಿಗೆ ಬುದ್ಧ ಹೇಳಿದ್ದು ಅನುಪುಬ್ಬೀಕಥಾ, ಅಂದರೆ ಮೆಟ್ಟಿಲು ಮೆಟ್ಟಿಲಾದ ಉಪದೇಶ: ದಾನ, ಶೀಲ, ಸ್ವರ್ಗ, ಕಾಮದ ಕೆಡುಕು, ಅದನ್ನು ಬಿಡುವುದರ ಒಳಿತು. ಕೇಳುವವರ ಮನಸ್ಸು ಮೆದುವಾಯಿತೆಂದು ತಿಳಿದ ಮೇಲಷ್ಟೇ ನಾಲ್ಕು ಸತ್ಯ. ಈಗಿನವರು ದಾನ, ಶೀಲ ಎರಡನ್ನೂ ಹಾರಿ ನೇರ ಧ್ಯಾನಕ್ಕೆ ಕೂರುತ್ತಾರೆ. ಬೆಳಿಗ್ಗೆ ಒಬ್ಬರಿಗೆ ಸುಳ್ಳು ಹೇಳಿ ಸಂಜೆ ಕಣ್ಣು ಮುಚ್ಚಿದರೆ ಆ ಸುಳ್ಳೇ ಎದುರಿಗೆ ಬರುತ್ತದೆ. ಧ್ಯಾನಕ್ಕೆ ಅಡ್ಡಬರುವ ಐದು ನೀವರಣಗಳಲ್ಲಿ ಒಂದರಲ್ಲಿ ಚಂಚಲತೆಯ ಜೊತೆ ಕುಕ್ಕುಚ್ಚ, ಅಂದರೆ ಮಾಡಿದ್ದರ ಕುರಿತ ಕೊರಗನ್ನು ಹೆಸರಿಸಿರುವುದು ಸುಮ್ಮನೆ ಅಲ್ಲ.

ಶೀಲ ಇಟ್ಟುಕೊಂಡು ಕೂರುವವರಿಗೆ ಆನಾಪಾನಸತಿ, ಅಂದರೆ ಒಳಹೊರ ಹೋಗುವ ಉಸಿರಿನ ಮೇಲೆ ಗಮನ, ಸಾಕು. ಮಡಿಸಿದ ಕಂಬಳಿ ಅಥವಾ ಗಟ್ಟಿ ದಿಂಬು, ಮೂರು ನಾಲ್ಕು ಇಂಚು ಎತ್ತರ. ಮಂಡಿ ಸೊಂಟಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಸೊಂಟ ಹಿಂದಕ್ಕೆ ವಾಲಿ ಹತ್ತು ನಿಮಿಷಕ್ಕೇ ಬೆನ್ನು ಕುಸಿಯುತ್ತದೆ. ಕುರ್ಚಿಯಾದರೂ ಸರಿ, ಬೆನ್ನು ಒರಗಿಸಬಾರದು. ಶುರುವಿಗೆ ಇಪ್ಪತ್ತು ನಿಮಿಷ. ಗಮನ ಮೂಗಿನ ಹೊಳ್ಳೆಯ ತುದಿ, ಮೇಲ್ದುಟಿಯ ಮೇಲಿನ ಜಾಗದಲ್ಲಿ. ಉಸಿರನ್ನು ಎಳೆಯುವುದೂ ಬೇಡ, ಹಿಡಿಯುವುದೂ ಬೇಡ. ಇದು ಪ್ರಾಣಾಯಾಮ ಅಲ್ಲ. ಎದೆ ಬಿಗಿಯಾದರೆ, ತಲೆ ಸುತ್ತಿದರೆ ಉಸಿರನ್ನು ನಡೆಸಲು ಹೊರಟಿದ್ದೀರಿ ಎಂದರ್ಥ. ಹಣೆ ನೊಂದರೆ ಕಣ್ಣುಗಳನ್ನೂ ಮೂಗಿನ ತುದಿಗೆ ತಿರುಗಿಸಿದ್ದೀರಿ, ಸಡಿಲ ಬಿಡಿ.

ಮನಸ್ಸು ನಿಲ್ಲದಿದ್ದರೆ ಎಣಿಸಬೇಕು. ಐದನೆಯ ಶತಮಾನದಲ್ಲಿ ಬುದ್ಧಘೋಷ ವಿಸುದ್ಧಿಮಗ್ಗ ಎಂಬ ಪಾಲಿ ಕೈಪಿಡಿಯಲ್ಲಿ ಇದಕ್ಕೆ ಲೆಕ್ಕ ಕೊಟ್ಟಿದ್ದಾನೆ: ಐದಕ್ಕಿಂತ ಕಡಿಮೆಗೆ ನಿಲ್ಲಿಸಬಾರದು, ಹತ್ತನ್ನು ದಾಟಬಾರದು, ನಡುವೆ ತುಂಡು ಮಾಡಬಾರದು. ಐದರೊಳಗೆ ನಿಲ್ಲಿಸಿದರೆ ಇಕ್ಕಟ್ಟಿನಲ್ಲಿ ಸಿಕ್ಕ ಮನಸ್ಸು ಒದ್ದಾಡುತ್ತದೆ. ಹತ್ತು ದಾಟಿದರೆ ಅದು ಉಸಿರನ್ನು ಬಿಟ್ಟು ಅಂಕಿಯನ್ನು ಹಿಡಿದುಕೊಳ್ಳುತ್ತದೆ. ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ. ಎಣಿಸದೆಯೇ ನಿಲ್ಲುವ ಹಂತ ಬಂದಾಗ ಎಣಿಕೆ ಬಿಡಬೇಕು.

ತೂಕಡಿಕೆ ಬಂದರೆ? ತೂಕಡಿಸುತ್ತ ಕುಳಿತ ಶಿಷ್ಯ ಮೊಗ್ಗಲ್ಲಾನನಿಗೆ ಬುದ್ಧ ಹೇಳಿದ ಉಪಾಯಗಳು ಅಂಗುತ್ತರ 7.61ರಲ್ಲಿ ಇವೆ. ನಿದ್ದೆ ತರಿಸಿದ ಸಂಜ್ಞೆಯನ್ನು ಮನಸ್ಸಿಗೆ ತರಬೇಡ. ಕೇಳಿದ ಧರ್ಮವನ್ನು ಮೆಲುಕು ಹಾಕು, ಆಗದಿದ್ದರೆ ಬಾಯಿಬಿಟ್ಟು ಪಠಿಸು. ಎರಡೂ ಕಿವಿ ಎಳೆದು ಮೈಕೈ ತಿಕ್ಕಿಕೋ. ಎದ್ದು ಕಣ್ಣಿಗೆ ನೀರು ಹಚ್ಚಿ ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡು. ಹಗಲಿನಂಥ ಬೆಳಕನ್ನು ಮನಸ್ಸಿಗೆ ತಂದುಕೋ. ಹಿಂದೆ ಮುಂದೆ ನಡೆದಾಡು. ಯಾವುದೂ ಆಗದಿದ್ದರೆ ಬಲಮಗ್ಗುಲಾಗಿ ಮಲಗು, ಎಚ್ಚರವಾದ ಕೂಡಲೇ ಏಳು. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು, ಇವತ್ತಿಗೂ ಒಂದಕ್ಷರ ಬದಲಿಸಬೇಕಿಲ್ಲ.

ಅತಿ ಉತ್ಸಾಹಕ್ಕೂ ಮದ್ದಿದೆ. ಅಂಗಾಲು ಒಡೆಯುವಷ್ಟು ನಡೆದಾಡಿ ಸಾಧನೆ ಮಾಡಿದ ಸೋಣ ಎಂಬ ಭಿಕ್ಷುವಿಗೆ, ಅವನು ವೀಣೆ ಬಲ್ಲವನಾದ್ದರಿಂದ, ತಂತಿ ತೀರ ಬಿಗಿಯಾದರೂ ತೀರ ಸಡಿಲವಾದರೂ ನಾದ ಬರದು ಎಂದು ಬುದ್ಧ ನೆನಪಿಸಿದ.

ಹತ್ತು ದಿನದ ವಿಪಸ್ಸನ ಶಿಬಿರಗಳಲ್ಲಿ ಮೊದಲ ಮೂರು ದಿನ ಉಸಿರನ್ನಷ್ಟೇ ನೋಡಿಸಿ ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ನೋಡಿಸುತ್ತಾರೆ. ಅದರ ಹಿಂದಿನ ತರ್ಕ ನಿದಾನಗಳಲ್ಲೇ ಇದೆ: ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ. ವೇದನೆ ಹುಟ್ಟುವುದನ್ನು ತಡೆಯಲಾಗದು. ಅದು ತೃಷ್ಣೆಯಾಗುವ ಮೊದಲು ಅರಿವಿಗೆ ಬಂದರೆ ಸರಪಳಿ ಅಲ್ಲಿ ತುಂಡಾಗುತ್ತದೆ. ಖಿನ್ನತೆಗೋ ಬೇರೆ ಮನೋರೋಗಕ್ಕೋ ಔಷಧಿಯಲ್ಲಿರುವವರು ವೈದ್ಯರನ್ನು ಕೇಳದೆ ದೀರ್ಘ ಮೌನ ಶಿಬಿರಕ್ಕೆ ಹೋಗಬಾರದು, ಔಷಧಿಯನ್ನೂ ನಿಲ್ಲಿಸಬಾರದು.

ಹೊಸ ಓದುಗ:
ಮೈತ್ರಿ ಭಾವನೆಯನ್ನು (ಎಲ್ಲರಿಗೂ ಒಳಿತು ಬಯಸುವ ಧ್ಯಾನವನ್ನು) ಉಸಿರಿನ ಜೊತೆಗೇ ಮಾಡಬಹುದೇ? 'ಮೊದಲು ಶತ್ರುವಿಗೆ ಒಳಿತು ಬಯಸಿ' ಎಂದು ಒಂದು ಕಡೆ ಓದಿದೆ.

ಉಸಿರುನೋಟ:
ಮಾಡಬಹುದು, ಆದರೆ ಶತ್ರುವಿನಿಂದ ಶುರು ಮಾಡಿದರೆ ಹುಟ್ಟುವುದು ಸಿಟ್ಟೇ. ವಿಸುದ್ಧಿಮಗ್ಗದ ಕ್ರಮ: ಮೊದಲು ತನಗೆ, ಆಮೇಲೆ ಗುರುಸ್ಥಾನದಲ್ಲಿರುವವರಿಗೆ, ನಂತರ ಪ್ರಿಯರಿಗೆ, ಆಮೇಲೆ ಹತ್ತಿರವೂ ಅಲ್ಲದ ದೂರವೂ ಅಲ್ಲದವರಿಗೆ, ಕೊನೆಗೆ ವೈರಿಗೆ. ತೀರಿಹೋದವರನ್ನು ಇದಕ್ಕೆ ಆರಿಸಿಕೊಳ್ಳಬಾರದು, ಏಕಾಗ್ರತೆ ಕೂಡಿಬರುವುದಿಲ್ಲ. ತೀರ ಪ್ರಿಯರಾದವರಿಂದಲೂ ಶುರು ಬೇಡ, ಅವರಿಗೆ ಸಣ್ಣ ನೋವಾದರೂ ಅಳು ಬರುತ್ತದೆ. ಮೈತ್ರಿಯ ದೂರದ ಶತ್ರು ದ್ವೇಷ, ಹತ್ತಿರದ ಶತ್ರು ರಾಗ. ಹತ್ತಿರದ್ದೇ ಹೆಚ್ಚು ಅಪಾಯ, ಅದು ಮೈತ್ರಿಯ ವೇಷದಲ್ಲೇ ಬರುತ್ತದೆ.

ಬೈಲಕುಪ್ಪೆ ನೆರೆ:
ಇಲ್ಲಿಯವರೆಗಿನ ಮಾತೆಲ್ಲ ಪಾಲಿಯದು. ಬೈಲಕುಪ್ಪೆಯ ಸೆರಾ, ಮುಂಡಗೋಡದ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳಲ್ಲಿ ಓದುವ ಟಿಬೆಟನ್ ಪರಂಪರೆಯಲ್ಲೂ ಬುನಾದಿ ಇದೇ ನಾಲ್ಕು ಸತ್ಯ. ಅಲ್ಲಿ ಒಂದೊಂದು ಸತ್ಯಕ್ಕೂ ನಾಲ್ಕು ಮುಖ, ಒಟ್ಟು ಹದಿನಾರು ಆಕಾರಗಳನ್ನು ಕಲಿಸುತ್ತಾರೆ; ದುಃಖಸತ್ಯದ ನಾಲ್ಕು ಮುಖ ಅನಿತ್ಯ, ದುಃಖ, ಶೂನ್ಯ, ಅನಾತ್ಮ. ಕಲಿತದ್ದನ್ನು ಅಂಗಳದಲ್ಲಿ ವಾದಕ್ಕಿಡುತ್ತಾರೆ. ಉತ್ತರಿಸುವವನು ಕೂತಿರುತ್ತಾನೆ, ಪ್ರಶ್ನಿಸುವವನು ನಿಂತು, ಪ್ರತಿ ಪ್ರಶ್ನೆಯ ಕೊನೆಗೆ ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆಯುತ್ತಾನೆ.

ಶೂನ್ಯತೆ ಎಂದರೆ ಏನೂ ಇಲ್ಲ ಎಂದಲ್ಲ. ದಾರ್ಶನಿಕ ನಾಗಾರ್ಜುನನ ಮೂಲಮಧ್ಯಮಕಕಾರಿಕೆಯ 24ನೆಯ ಪ್ರಕರಣದಲ್ಲಿ ಎದುರಾಳಿ 'ಎಲ್ಲ ಶೂನ್ಯವಾದರೆ ನಾಲ್ಕು ಸತ್ಯವೂ ಇಲ್ಲ' ಎನ್ನುತ್ತಾನೆ. ನಾಗಾರ್ಜುನ ಅದನ್ನು ಅವನಿಗೇ ತಿರುಗಿಸುತ್ತಾನೆ: ವಸ್ತುಗಳಿಗೆ ಬದಲಾಗದ ಸ್ವಭಾವ ಇದ್ದಿದ್ದರೆ ದುಃಖ ಹುಟ್ಟುತ್ತಲೂ ಇರಲಿಲ್ಲ, ಅಳಿಯುತ್ತಲೂ ಇರಲಿಲ್ಲ, ಮಾರ್ಗವನ್ನು ಬೆಳೆಸಲೂ ಬರುತ್ತಿರಲಿಲ್ಲ. ಪ್ರತೀತ್ಯಸಮುತ್ಪಾದವನ್ನೇ ಶೂನ್ಯತೆ ಎನ್ನುತ್ತೇವೆ ಎಂದು ಅಲ್ಲೇ ಹೇಳುತ್ತಾನೆ. ಟಿಬೆಟನ್ ಪರಂಪರೆ ಸೇರಿರುವ ಮಹಾಯಾನದಲ್ಲಿ ಇದರ ಜೊತೆಗೆ ಸೇರುವುದು ಬೋಧಿಚಿತ್ತ, ಎಲ್ಲ ಜೀವಿಗಳ ಬಿಡುಗಡೆಗಾಗಿ ಬುದ್ಧತ್ವ ಪಡೆಯುವ ಸಂಕಲ್ಪ, ಮತ್ತು ಆರು ಪಾರಮಿತೆ.

ಮಧ್ಯಮ ದಾರಿ:
ಇನ್ನೊಂದು ವಿಷಯ. ಕಾಲಾಮ ಸುತ್ತವನ್ನು 'ನಿನ್ನ ಬುದ್ಧಿಗೆ ಸರಿಕಂಡದ್ದನ್ನು ನಂಬು' ಎಂದು ಸಾರಾಂಶ ಮಾಡುವುದು ತಪ್ಪು. ಕೇಸಪುತ್ತ ಎಂಬ ಊರಿನ ಕಾಲಾಮರಿಗೆ ಬುದ್ಧ ನೆಚ್ಚಬೇಡಿ ಎಂದ ಹತ್ತರಲ್ಲಿ ಪರಂಪರೆ, ಗ್ರಂಥ, ಗುರುವಿನ ಮೇಲಿನ ಗೌರವದ ಜೊತೆಗೆ ಬರೀ ತರ್ಕವೂ ಇದೆ, ತನ್ನ ಅಭಿಪ್ರಾಯಕ್ಕೆ ಹೊಂದುತ್ತದೆ ಎಂಬುದೂ ಇದೆ. ಅಳತೆಗೋಲು ಬೇರೆ: ಇದನ್ನು ಕೈಗೊಂಡರೆ ಲೋಭ, ದ್ವೇಷ, ಮೋಹ ಹೆಚ್ಚಿ ಕೇಡಾಗುತ್ತದೆಯೇ, ತಗ್ಗಿ ಒಳಿತಾಗುತ್ತದೆಯೇ, ಬಲ್ಲವರು ಇದನ್ನು ಮೆಚ್ಚುತ್ತಾರೆಯೇ? ಇದನ್ನು ಸ್ವತಃ ಅರಿತು ಬಿಡಬೇಕು ಇಲ್ಲವೇ ಕೈಗೊಳ್ಳಬೇಕು.

ಹೊಸ ಓದುಗ:
ಕೊನೆಯ ಪ್ರಶ್ನೆ. ಪಂಚಶೀಲ ತಗೊಂಡ ಮೇಲೆ ಒಂದು ಮುರಿದರೆ ಐದೂ ಹೋದಂತೆಯೇ? ಗೊತ್ತಿಲ್ಲದೆ ಇರುವೆ ತುಳಿದರೆ?

ಪಾಲಿ ಓದು:
ಗೊತ್ತಿಲ್ಲದೆ ತುಳಿದರೆ ಶೀಲ ಮುರಿಯುವುದಿಲ್ಲ. ಅಟ್ಠಕಥೆಗಳ ಪ್ರಕಾರ ಪ್ರಾಣಹತ್ಯೆಗೆ ಐದು ಅಂಗ ಕೂಡಬೇಕು: ಜೀವಿ ಇರಬೇಕು, ಅದು ಜೀವಿ ಎಂದು ಗೊತ್ತಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ಅದರಿಂದ ಜೀವಿ ಸಾಯಬೇಕು. ಸುಳ್ಳಿಗೆ ನಾಲ್ಕು: ವಿಷಯ ನಿಜವಲ್ಲ, ವಂಚಿಸುವ ಮನಸ್ಸು, ಅದಕ್ಕೆ ತಕ್ಕ ಪ್ರಯತ್ನ, ಎದುರಿನವರಿಗೆ ಅದು ಅರ್ಥವಾಗುವುದು.

ಐದೂ ಹೋಗುತ್ತವೆಯೇ ಎಂಬುದು ತಗೊಂಡ ಬಗೆಯ ಮೇಲಿದೆ. ಐದನ್ನೂ ಒಟ್ಟಾಗಿ ಒಂದೇ ಸಂಕಲ್ಪದಲ್ಲಿ ತಗೊಂಡರೆ ಒಂದು ಮುರಿದಾಗ ಐದೂ ಮುರಿದಂತೆ. ಬಿಡಿಬಿಡಿಯಾಗಿ ತಗೊಂಡರೆ ಮುರಿದದ್ದು ಮಾತ್ರ. ಥಾಯ್ ಪರಂಪರೆಯಲ್ಲಿ ಶೀಲ ಬೇಡುವಾಗ 'ವಿಸುಂ ವಿಸುಂ ರಕ್ಖಣತ್ಥಾಯ' ಎಂದು ಸೇರಿಸುವುದು ಇದಕ್ಕೇ, ಒಂದೊಂದನ್ನೂ ಪ್ರತ್ಯೇಕವಾಗಿ ಕಾಪಾಡಲು ಎಂದು. ಮುರಿದರೆ ಗೃಹಸ್ಥರಿಗೆ ಪ್ರಾಯಶ್ಚಿತ್ತದ ವಿಧಿ ಏನಿಲ್ಲ, ಮರಳಿ ತಗೊಳ್ಳುವುದಷ್ಟೇ. ಭಿಕ್ಷು ಹತ್ತಿರ ಇಲ್ಲದಿದ್ದರೆ ಮನೆಯಲ್ಲೇ ಮೂರು ಸಲ 'ಬುದ್ಧಂ ಸರಣಂ ಗಚ್ಛಾಮಿ' ಮೊದಲಾದ ತಿಸರಣ ಹೇಳಿ, ಮುರಿದ ಶೀಲವನ್ನು 'ವೇರಮಣೀ ಸಿಕ್ಖಾಪದಂ ಸಮಾದಿಯಾಮಿ' ಎಂದು ಬಾಯಿಬಿಟ್ಟು ಹೇಳಿದರೆ ಆಯಿತು. ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿಗಳ ಉಪೋಸಥದಂದು (ವ್ರತದ ದಿನ) ಎಂಟು ಶೀಲ ತಗೊಳ್ಳುವವರು ಮೂರನೆಯದನ್ನು ಪೂರ್ಣ ಬ್ರಹ್ಮಚರ್ಯವಾಗಿ ಬದಲಿಸಿಕೊಂಡು, ನಡುಹಗಲು ದಾಟಿದ ಮೇಲೆ ಊಟ ಬಿಟ್ಟು, ಹಾಡು-ಕುಣಿತ-ಅಲಂಕಾರ ಮತ್ತು ಎತ್ತರದ ಹಾಸಿಗೆಯನ್ನು ಮರುದಿನ ಬೆಳಗಾಗುವ ತನಕ ಬಿಡುತ್ತಾರೆ. ನೀರು ಕುಡಿಯಬಹುದು, ಸೋಸಿದ ಹಣ್ಣಿನ ರಸವೂ ಆಗುತ್ತದೆ. ಹಾಲನ್ನು ಪಾಲಿ ಗ್ರಂಥಗಳನ್ನು ಅನುಸರಿಸುವ ಥೇರವಾದದ ಹೆಚ್ಚಿನ ಕಡೆ ಊಟದ ಲೆಕ್ಕಕ್ಕೆ ಹಿಡಿಯುತ್ತಾರೆ.